ಪುಟ್ಟ ಮನೆಗೆ ಇಟ್ಟಿಗೆ ಗೋಡೆ: ನಿಮ್ಮ ಪ್ರಶ್ನೆ, ನನ್ನ ಉತ್ತರ

ರಟ್ಟು, ಫೋಮ್ ಬೋರ್ಡ್, ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಪುಟ್ಟ ಕಟ್ಟಡ ಕಟ್ಟುವವರಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಇಟ್ಟುಕೊಂಡು ಕೂತೆ. ಮುಕ್ಕಾಲು ಪಾಲು ಜನ ಕೇಳಿರುವುದು ಒಂದೇ ವಿಷಯ, ಇಟ್ಟಿಗೆ. ಆದ್ದರಿಂದ ಬೇರೆ ಪ್ರಶ್ನೆಗಳನ್ನು ಮುಂದಕ್ಕೆ ಇಟ್ಟು, ಈ ತಿಂಗಳು ಪೂರ್ತಿ ಇಟ್ಟಿಗೆ ಗೋಡೆಗೇ ಬಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ದಸರಾ ಗೊಂಬೆ ಕೂರಿಸುವಾಗ ಪ್ರತಿ ವರ್ಷ ಒಂದು ಹಳೇ ಬೀದಿ ಮಾಡ್ತೀವಿ. ಈ ಸಲ ಫೋಮ್ ಬೋರ್ಡ್‌ನಲ್ಲಿ ನಾಲ್ಕು ಮನೆ ಕಟ್ಟಿದೆ. ಗೊಂಬೆಗಳು ಐದೂವರೆ ಇಂಚು ಎತ್ತರ ಇವೆ. ಗೋಡೆಗೆ ಕೆಂಪು ಬಣ್ಣ ಹಚ್ಚಿ, ಒಣಗಿದ ಮೇಲೆ ಬಿಳಿ ಮಾರ್ಕರ್‌ನಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದೆ. ಎಷ್ಟು ನೀಟಾಗಿ ಮಾಡಿದರೂ ಗೋಡೆ ಅನ್ನಿಸುವುದಿಲ್ಲ, ಚೌಕುಳಿ ಬಟ್ಟೆ ಥರ ಕಾಣುತ್ತದೆ. ಎಲ್ಲಿ ತಪ್ಪಿದೆ?
– ಓದುಗರು, ಮೈಸೂರು

ಉತ್ತರ: ನಿಮ್ಮ ಕೈಕೆಲಸದಲ್ಲಿ ತಪ್ಪಿಲ್ಲ. ಅಳತೆ ತಪ್ಪಿದೆ, ಬಣ್ಣ ತಪ್ಪಿದೆ, ಎಲ್ಲಕ್ಕಿಂತ ಜಾಸ್ತಿ ಹಚ್ಚಿದ ಕ್ರಮ ತಪ್ಪಿದೆ. ಮೂರೂ ಸರಿ ಮಾಡಿಕೊಳ್ಳಬಹುದು.

ಮೊದಲು ಅಳತೆ. ಐದೂವರೆ ಅಡಿ ಮನುಷ್ಯ ನಿಮ್ಮ ಬೀದಿಯಲ್ಲಿ ಐದೂವರೆ ಇಂಚು. ಅಂದರೆ ಒಂದಡಿಗೆ ಒಂದಿಂಚು, 1:12. ನಮ್ಮ ಕಡೆಯ ಹಳೇ ಇಟ್ಟಿಗೆ 9 ಇಂಚು ಉದ್ದ, ನಾಲ್ಕೂವರೆ ಇಂಚು ಅಗಲ, 3 ಇಂಚು ದಪ್ಪ ಇರುತ್ತಿತ್ತು. ನಿಮ್ಮ ಗೋಡೆಯಲ್ಲಿ ಅದು ಮುಕ್ಕಾಲು ಇಂಚು ಉದ್ದ, ಕಾಲು ಇಂಚು ಎತ್ತರ ಆಗಬೇಕು. ಇಟ್ಟಿಗೆಗಳ ನಡುವಿನ ಗಾರೆ ನಿಜವಾದ ಗೋಡೆಯಲ್ಲಿ ಸುಮಾರು 10 ಮಿ.ಮೀ. ಅದನ್ನು ಹನ್ನೆರಡರಿಂದ ಭಾಗಿಸಿದರೆ ಒಂದು ಮಿ.ಮೀ. ಕೂಡ ಉಳಿಯುವುದಿಲ್ಲ. ಆದರೆ ದಪ್ಪ ಮೊನೆಯ ಮಾರ್ಕರ್ ಗೆರೆ ಸುಮಾರು ಮೂರು ಮಿ.ಮೀ. ಇರುತ್ತದೆ. ನಿಮ್ಮ ಗೊಂಬೆಗಳ ಲೆಕ್ಕದಲ್ಲಿ ಅದು ಹತ್ತಿರ ಹತ್ತಿರ ಒಂದೂವರೆ ಇಂಚು ದಪ್ಪದ ಗಾರೆ. ಅಷ್ಟು ಗಾರೆ ಹಾಕಿ ಯಾವ ಮೇಸ್ತ್ರಿಯೂ ಕಟ್ಟುವುದಿಲ್ಲ. ಕಣ್ಣಿಗೆ ಲೆಕ್ಕ ಗೊತ್ತಿಲ್ಲದಿದ್ದರೂ ಏನೋ ಸರಿ ಇಲ್ಲ ಅಂತ ಅದಕ್ಕೆ ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು ಮಾತು. ಗಾರೆ ಇಟ್ಟಿಗೆಗಿಂತ ಸ್ವಲ್ಪ ಒಳಗೆ ಇರುತ್ತದೆ. ನೀವು ಕೆಂಪು ಬಣ್ಣದ ಮೇಲೆ ಬಿಳಿ ಗೆರೆ ಎಳೆದಾಗ ಗಾರೆ ಇಟ್ಟಿಗೆಯ ಮೇಲೆ ಹತ್ತಿ ಕೂತಹಾಗೆ ಆಯಿತು. ಕ್ರಮವನ್ನು ತಿರುಗಿಸಿ. ಗಾರೆ ಮೊದಲು, ಇಟ್ಟಿಗೆ ಆಮೇಲೆ. ಈ ಒಂದು ಬದಲಾವಣೆ ಮಾಡಿದರೂ ಅರ್ಧ ಕೆಲಸ ಆದಹಾಗೆ.

ಹೇಗೆ ಅಂತ ಹೇಳ್ತೀನಿ. ಫೋಮ್ ಬೋರ್ಡ್‌ನ ಹೊರಗಡೆ ಬರುವ ಕಾಗದವನ್ನು ಒದ್ದೆ ಮಾಡಿ ನಿಧಾನವಾಗಿ ಸಿಪ್ಪೆ ತೆಗೆಯಿರಿ. ಒಳಗಿನ ಮೆತ್ತನೆಯ ಫೋಮ್ ಮೇಲೆ ಇಂಕು ಮುಗಿದ ಬಾಲ್ ಪೆನ್ನಿನಿಂದ ಒತ್ತಿ ಗೆರೆ ಎಳೆಯಿರಿ. ಗೆರೆ ಹಳ್ಳ ಬಿದ್ದು ಇಟ್ಟಿಗೆ ತಾನಾಗಿಯೇ ಎದ್ದು ನಿಲ್ಲುತ್ತದೆ. ಅಡ್ಡಗೆರೆಗೆ ಸ್ಕೇಲ್ ಬೇಕು, ಉದ್ದಗೆರೆಗೆ ಬರೀ ಕೈ ಸಾಕು, ಒಂದೊಂದು ಸ್ವಲ್ಪ ಓರೆಯಾದರೆ ಇನ್ನೂ ಚೆನ್ನ. ಮೂಲೆಗೆ ಬಂದಾಗ ಎಚ್ಚರ ಇರಲಿ. ಒಂದು ಗೋಡೆಯ ಸಾಲು ಪಕ್ಕದ ಗೋಡೆಗೆ ಅದೇ ಎತ್ತರದಲ್ಲಿ ತಿರುಗಬೇಕು, ಮೂಲೆಯ ಇಟ್ಟಿಗೆ ಎರಡೂ ಕಡೆ ಕಾಣಬೇಕು. ಎಷ್ಟೋ ಚೆಂದದ ಮಾಡೆಲ್ ಕೆಡುವುದು ಈ ಮೂಲೆಯಲ್ಲೇ.

ಈಗ ಇಡೀ ಗೋಡೆಗೆ ಗಾರೆಯ ಬಣ್ಣ ಹಚ್ಚಿ. ಹಳೇ ಮನೆ ಅಂದಿರಿ, ಹಾಗಾದರೆ ಸುಣ್ಣದ ಗಾರೆ. ಬಿಳಿಗೆ ಸ್ವಲ್ಪ ಯೆಲ್ಲೋ ಓಕರ್ (ಮಣ್ಣಿನ ಹಳದಿ), ಚೂರು ರಾ ಅಂಬರ್ (ಮಣ್ಣಿನ ಕಂದು) ಸೇರಿಸಿದರೆ ಕೆನೆಯಂಥ ಬಣ್ಣ ಬರುತ್ತದೆ. ಹೊಸ ಮನೆ ಆಗಿದ್ದರೆ ಸಿಮೆಂಟಿನ ಬೂದು ಬೇಕಾಗುತ್ತಿತ್ತು. ಅಚ್ಚ ಬಿಳಿ ಮಾತ್ರ ಯಾವ ಕಾಲದ ಗಾರೆಗೂ ಬೇಡ. ಒಂದು ದಿನ ಒಣಗಲಿ.

ಆಮೇಲೆ ಇಟ್ಟಿಗೆ. ಟ್ಯೂಬಿನಲ್ಲಿ ಬರುವ ಕಡುಗೆಂಪನ್ನು ಪಕ್ಕಕ್ಕಿಡಿ. ಇಟ್ಟಿಗೆಯ ಕೆಂಪು ಮಣ್ಣಿನಲ್ಲಿರುವ ಕಬ್ಬಿಣದ ಅಂಶದಿಂದ ಬರುವ ಕೆಂಪು, ನಮ್ಮ ಕೆಮ್ಮಣ್ಣಿನ ಮನೆತನದ್ದು, ಕುಂಕುಮದ್ದಲ್ಲ. ಬರ್ಂಟ್ ಸಿಯೆನಾ (ಕೆಂಪು ಕಂದು) ತೆಗೆದುಕೊಳ್ಳಿ, ಅದಕ್ಕೆ ಸ್ವಲ್ಪ ಓಕರ್, ಸ್ವಲ್ಪ ಬಿಳಿ ಬೆರೆಸಿ. ಬಿಳಿ ಯಾಕೆ ಅಂದರೆ, ನೀವು ಮೂರಡಿ ದೂರದಿಂದ ಆ ಮನೆ ನೋಡ್ತೀರಿ, ಆ ಅಳತೆಯಲ್ಲಿ ಅದು 36 ಅಡಿ ದೂರ, ಅಷ್ಟು ದೂರದ ಗೋಡೆಯ ಬಣ್ಣ ಕೈಯಲ್ಲಿ ಹಿಡಿದ ಇಟ್ಟಿಗೆಯ ಬಣ್ಣಕ್ಕಿಂತ ಯಾವಾಗಲೂ ಒಂದು ಚೂರು ಪೇಲವವಾಗಿ ಕಾಣುತ್ತದೆ. ಪಾತ್ರೆ ತೊಳೆಯುವ ಸ್ಪಂಜಿನ ಒಂದು ತುಂಡನ್ನು ಬಣ್ಣಕ್ಕೆ ಅದ್ದಿ, ಹಳೇ ಪೇಪರಿನ ಮೇಲೆ ಒತ್ತಿ ಹೆಚ್ಚಿನದನ್ನು ತೆಗೆದು, ಗೋಡೆಯ ಮೇಲೆ ಮೆಲ್ಲಗೆ ತಟ್ಟುತ್ತಾ ಹೋಗಿ. ಬಣ್ಣ ಉಬ್ಬಿದ ಕಡೆ ಮಾತ್ರ ಹತ್ತುತ್ತದೆ. ಹಳ್ಳದಲ್ಲಿ ಗಾರೆ ಹಾಗೇ ಉಳಿಯುತ್ತದೆ.

ಇಲ್ಲಿಗೆ ಗೋಡೆ ಆಯಿತು, ಜೀವ ಬಂದಿಲ್ಲ. ಜೀವ ಬರುವುದು ಒಂದೊಂದು ಇಟ್ಟಿಗೆ ಬೇರೆ ಬೇರೆ ಕಂಡಾಗ. ಇಟ್ಟಿಗೆ ಗೂಡು ನೋಡಿದ್ದೀರಾ? ಮಾಲೂರಿನ ಕಡೆ ಹೋದರೆ ರಸ್ತೆಯಿಂದಲೇ ಕಾಣುತ್ತವೆ. ಒಂದೇ ಮಣ್ಣು, ಒಂದೇ ಅಚ್ಚು, ಆದರೆ ಬೆಂಕಿಯ ಹತ್ತಿರ ಇದ್ದದ್ದು ಜಾಸ್ತಿ ಬೆಂದು ನೇರಳೆ ಕಪ್ಪಾಗಿರುತ್ತದೆ, ಅಂಚಿನಲ್ಲಿ ಇದ್ದದ್ದು ಅರೆಬೆಂದು ತಿಳಿ ಕಿತ್ತಳೆ ಆಗಿರುತ್ತದೆ, ನಡುವಿನದು ಹದವಾದ ಕೆಂಪು. ಅವೆಲ್ಲ ಒಂದೇ ಲಾರಿಯಲ್ಲಿ ಬಂದು ಒಂದೇ ಗೋಡೆಗೆ ಸೇರುತ್ತವೆ. ಹಾಗಾಗಿ ಮೂರು ಬಟ್ಟಲು ಇಟ್ಟುಕೊಳ್ಳಿ. ಮೂಲ ಬಣ್ಣಕ್ಕೆ ಬರ್ಂಟ್ ಅಂಬರ್ (ಕಡು ಕಂದು) ಸೇರಿಸಿದ್ದು ಒಂದು, ಓಕರ್ ಜಾಸ್ತಿ ಮಾಡಿದ್ದು ಒಂದು, ಚೂರು ನೇರಳೆ ಸೇರಿಸಿದ್ದು ಒಂದು. ಹತ್ತು ಇಟ್ಟಿಗೆಗೆ ಎರಡೋ ಮೂರೋ ಮಾತ್ರ ಬದಲಿಸಿ. ಅದಕ್ಕಿಂತ ಜಾಸ್ತಿ ಆದರೆ ಗೋಡೆ ಚುಕ್ಕೆ ಚುಕ್ಕೆ ಆಗುತ್ತದೆ.

ಯಾವ ಇಟ್ಟಿಗೆ ಬದಲಿಸಬೇಕು ಅನ್ನುವುದೇ ಕಷ್ಟ. ನಮ್ಮ ಕೈಗೆ ಒಂದು ಅಭ್ಯಾಸ ಇದೆ, ಸಮವಾಗಿ ಹಂಚುತ್ತಾ ಹೋಗುತ್ತದೆ, ಕೊನೆಗೆ ರಂಗೋಲಿ ಚುಕ್ಕಿಯ ಹಾಗೆ ಲೆಕ್ಕ ಇಟ್ಟಂತೆ ಕಾಣುತ್ತದೆ. ನಾನು ಲೂಡೋ ದಾಳ ಇಟ್ಟುಕೊಂಡು ಕೂರ್ತೀನಿ. ದಾಳ ಹಾಕಿದಾಗ ಬಂದಷ್ಟು ಇಟ್ಟಿಗೆ ಬಿಟ್ಟು ಮುಂದಿನದಕ್ಕೆ ಬಣ್ಣ. ಒಂದು ಬಿದ್ದರೆ ಹತ್ತಿರ ಹತ್ತಿರ ಎರಡು ಕಪ್ಪು ಇಟ್ಟಿಗೆ ಬರುತ್ತವೆ, ಆರು ಬಿದ್ದರೆ ದೂರ. ನಿಜವಾದ ಗೋಡೆಯೂ ಹಾಗೇ ಇರುತ್ತದೆ ಅಲ್ವಾ? ಮೇಸ್ತ್ರಿ ಕೈಗೆ ಸಿಕ್ಕಿದ್ದನ್ನು ಇಟ್ಟುಕೊಂಡು ಹೋಗಿರುತ್ತಾರೆ.

ಕೊನೆಯದಾಗಿ ನೀರುಬಣ್ಣ. ರಾ ಅಂಬರ್ ಒಂದು ಪಾಲು, ನೀರು ಹತ್ತು ಪಾಲು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ. ಆ ಹನಿ ಇಲ್ಲದಿದ್ದರೆ ನೀರು ಮುತ್ತುಮುತ್ತಾಗಿ ಮೇಲೆಯೇ ನಿಲ್ಲುತ್ತದೆ, ಇದ್ದರೆ ಸಂದಿಗೆ ಇಳಿಯುತ್ತದೆ. ಹಚ್ಚಿ, ಒಂದು ನಿಮಿಷ ಬಿಟ್ಟು, ಒದ್ದೆ ಬಟ್ಟೆಯಲ್ಲಿ ಓರೆಯಾಗಿ ಒರೆಸಿ. ನೇರವಾಗಿ ಅಡ್ಡಕ್ಕೆ ಒರೆಸಿದರೆ ಬಟ್ಟೆ ಹಳ್ಳದೊಳಗೆ ಹೋಗಿ ಗಾರೆಯಲ್ಲಿದ್ದ ಬಣ್ಣವನ್ನೂ ಎತ್ತಿಕೊಂಡು ಬರುತ್ತದೆ. ಕೆಳಗಿನ ಬಣ್ಣ ಪೂರ್ತಿ ಒಣಗಿರಬೇಕು ಅನ್ನುವುದನ್ನು ಮರೆಯಬೇಡಿ. ಮುಟ್ಟಿದರೆ ಒಣಗಿದೆ ಅನ್ನಿಸುವುದು ಬೇರೆ, ಒಣಗಿರುವುದು ಬೇರೆ.

ನಿಮ್ಮ ಬೀದಿ ಹಳದಿ ಬಲ್ಬಿನ ಕೆಳಗೆ ಇರುತ್ತದೆಯೋ ಬಿಳಿ ಎಲ್‌ಇಡಿ ಕೆಳಗೋ ನೋಡಿಕೊಳ್ಳಿ. ಅದೇ ಬೆಳಕಿನಲ್ಲಿ ಕೂತು ಬಣ್ಣ ಬೆರೆಸಿ. ಹಳದಿ ಬೆಳಕಿನಲ್ಲಿ ಕೆಂಪು ಇನ್ನೂ ಕೆಂಪಾಗಿ ಕಾಣುತ್ತದೆ, ಆಗ ಒಂದು ಚೂರು ಬೂದು ಸೇರಿಸಬೇಕಾಗಬಹುದು.

ಪ್ರಶ್ನೆ: ನಾನು ಎಚ್‌ಓ ಸ್ಕೇಲಿನಲ್ಲಿ ಪುಟ್ಟ ರೈಲು ನಿಲ್ದಾಣ ಮಾಡ್ತಿದ್ದೇನೆ. ಇಟ್ಟಿಗೆಯನ್ನು ಸೂಜಿಯಿಂದ ಕೆತ್ತಲು ಹೋಗಿ ಸಾಕಾಗಿದೆ. ಇಟ್ಟಿಗೆ ಎಷ್ಟು ಸಣ್ಣದಿರಬೇಕು?
– ಓದುಗರು, ಶಿವಮೊಗ್ಗ

ಉತ್ತರ: ಎಚ್‌ಓ ಅಂದರೆ 1:87. 230 ಮಿ.ಮೀ. ಉದ್ದದ ಇಟ್ಟಿಗೆ ನಿಮ್ಮಲ್ಲಿ 2.6 ಮಿ.ಮೀ. ಆಗುತ್ತದೆ. ಎತ್ತರ ಒಂದು ಮಿ.ಮೀ.ಗಿಂತ ಕಮ್ಮಿ. ಗಾರೆ 0.11 ಮಿ.ಮೀ., ಅಂದರೆ ಒಂದು ಜೆರಾಕ್ಸ್ ಕಾಗದದ ದಪ್ಪ. ಇದನ್ನು ಕೈಯಲ್ಲಿ ಕೆತ್ತಲು ಹೋಗಬೇಡಿ. ಇಟ್ಟಿಗೆ ಅಚ್ಚು ಒತ್ತಿದ ತೆಳು ಪ್ಲಾಸ್ಟಿಕ್ ಹಾಳೆ ಸಿಗುತ್ತದೆ, ಅದನ್ನು ತರಿಸಿಕೊಳ್ಳಿ. ಇಲ್ಲದಿದ್ದರೆ ಒಳ್ಳೆಯ ಪ್ರಿಂಟ್ ತೆಗೆದು ರಟ್ಟಿಗೆ ಅಂಟಿಸಿ, ಅಲ್ಲೊಂದು ಇಲ್ಲೊಂದು ಇಟ್ಟಿಗೆಗೆ ಚೂಪು ಮಾಡಿದ ಕಲರ್ ಪೆನ್ಸಿಲ್ ಮುಟ್ಟಿಸಿ. ಈ ಅಳತೆಯಲ್ಲಿ ಬ್ರಷ್‌ಗಿಂತ ಪೆನ್ಸಿಲ್ ಮಾತು ಕೇಳುತ್ತದೆ.

ಹಾಳೆ ತರಿಸಿದ ಮೇಲೆ ಅಳತೆ ಸರಿ ಇದೆಯೋ ನೋಡಲು ಒಂದು ಸುಲಭದ ದಾರಿ ಇದೆ. ಏಳಡಿ ಬಾಗಿಲಿನ ಪಕ್ಕ ಇಟ್ಟಿಗೆಯ ಸಾಲು ಎಣಿಸಿ. 25ರಿಂದ 28 ಸಾಲು ಬಂದರೆ ಸರಿ. ಹದಿನೈದೇ ಬಂದರೆ ಆ ಹಾಳೆ ದೊಡ್ಡ ಅಳತೆಯದ್ದು, ವಾಪಸ್ ಕೊಡಿ.

ಪ್ರಶ್ನೆ: ಆಂಟಿ, ನಾನು ಎಂಟನೇ ಕ್ಲಾಸ್. ಸ್ಕೂಲ್ ಪ್ರಾಜೆಕ್ಟ್‌ಗೆ ಬೆಂಗಳೂರಿನ ಹೈಕೋರ್ಟ್ ಮಾಡ್ತಿದ್ದೀನಿ. ಕೆಂಪು ಕಟ್ಟಡ ಅಲ್ವಾ, ಎಲ್ಲಾ ಕಡೆ ಇಟ್ಟಿಗೆ ಬರೀಬೇಕಾ?
– ಓದುಗ, ಬೆಂಗಳೂರು

ಉತ್ತರ: ಬೇಡ ಪುಟ್ಟಾ, ನಿನಗೆ ಕೆಲಸ ಉಳಿಯಿತು. ಹೈಕೋರ್ಟ್ ಇರುವ ಅಠಾರಾ ಕಚೇರಿ 1868ರಲ್ಲಿ ಕಟ್ಟಿ ಮುಗಿಸಿದ ಕಟ್ಟಡ. ಅದಕ್ಕೆ ಕಲ್ಲು, ಇಟ್ಟಿಗೆ ಎರಡೂ ಬಳಸಿದ್ದಾರೆ ನಿಜ. ಆದರೆ ನಮಗೆ ಕಾಣುವ ಕೆಂಪು ಮೇಲೆ ಹಚ್ಚಿದ ಬಣ್ಣ. ನೀನು ಇಟ್ಟಿಗೆ ಗೆರೆ ಎಳೆದರೆ ಅದು ಬೇರೆ ಯಾವುದೋ ಕಟ್ಟಡ ಆಗುತ್ತದೆ. ಒಂದು ಭಾನುವಾರ ಅಪ್ಪನೋ ಅಮ್ಮನೋ ಜೊತೆ ಕಬ್ಬನ್ ಪಾರ್ಕಿಗೆ ಹೋಗು, ಪಾರ್ಕಿನ ಕಡೆಯಿಂದ ಗೋಡೆ ಎಲ್ಲಿ ನಯವಾಗಿದೆ, ಕಂಬ ಎಷ್ಟಿವೆ, ಬಿಳಿ ಎಲ್ಲೆಲ್ಲಿ ಬಂದಿದೆ ಅಂತ ಒಂದು ಪುಸ್ತಕದಲ್ಲಿ ಬರೆದುಕೊಂಡು ಬಾ. ಕೆಂಪಿಗೆ ಚೂರು ಕಂದು, ಚೂರು ಬಿಳಿ ಬೆರೆಸು. ಕಂಬಗಳನ್ನು ಅಳತೆ ನೋಡಿ ಮಾಡು, ಆ ಕಟ್ಟಡದ ಚೆಂದ ಇರುವುದೇ ಕಂಬದ ಸಾಲಿನಲ್ಲಿ.

ಪ್ರಶ್ನೆ: ಅಜ್ಜಿ ಮನೆಯ ಮಾಡೆಲ್ ಮಾಡಿ ಅಮ್ಮನಿಗೆ ಕೊಡಬೇಕು ಅಂತ ಆಸೆ. ಹೆಂಚಿನ ಮಾಡು, ಕೆಂಪು ಗೋಡೆ. ಇಟ್ಟಿಗೆ ಬಣ್ಣ ಹಚ್ಚಿದೆ, ಅಮ್ಮ ನೋಡಿ ‘ಇದು ನಮ್ಮ ಮನೆ ಹಾಗೆ ಇಲ್ಲ’ ಅಂದರು.
– ಓದುಗರು, ಉಡುಪಿ

ಉತ್ತರ: ಅಮ್ಮ ಸರಿಯಾಗಿ ಹೇಳಿದ್ದಾರೆ. ನಿಮ್ಮ ಊರಿನ ಹಳೇ ಮನೆ ಅಂದರೆ ಅದು ಬಹುಶಃ ಇಟ್ಟಿಗೆ ಅಲ್ಲ, ಮುರಕಲ್ಲು. ಹಳೇ ಫೋಟೋ ಇದ್ದರೆ ತೆಗೆದು ನೋಡಿ. ಕಲ್ಲು ಒಂದಡಿಗೂ ಜಾಸ್ತಿ ಉದ್ದ ಇದ್ದು, ಮೈತುಂಬ ತೂತು ತೂತು ಕಂಡರೆ ಅನುಮಾನವೇ ಬೇಡ.

ಈ ಕಲ್ಲಿಗೆ ಇಂಗ್ಲಿಷಿನಲ್ಲಿ ಲ್ಯಾಟರೈಟ್ ಅಂತ ಹೆಸರಿಟ್ಟದ್ದು ಫ್ರಾನ್ಸಿಸ್ ಬುಕಾನನ್. ಮೈಸೂರು, ಕೆನರಾ, ಮಲಬಾರ್ ಸುತ್ತಿ 1807ರಲ್ಲಿ ಅಚ್ಚಾದ ಅವರ ಪುಸ್ತಕದಲ್ಲಿ ಆ ಹೆಸರು ಬರುತ್ತದೆ. ಲ್ಯಾಟಿನ್ ಭಾಷೆಯಲ್ಲಿ ‘ಲಾಟರ್’ ಅಂದರೆ ಇಟ್ಟಿಗೆ. ನೆಲದಿಂದ ಕಡಿದು ಇಟ್ಟಿಗೆಯ ಹಾಗೆ ಬಳಸುತ್ತಾರೆ ಅನ್ನುವುದಕ್ಕೇ ಆ ಹೆಸರು. ಬಳಕೆ ಒಂದೇ, ಮೈ ಮಾತ್ರ ಬೇರೆ.

ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಉಂಡೆ ಮಾಡಿ ಫೋಮ್ ಮೇಲೆ ಒತ್ತಿ, ತೂತುಗಳು ಬರುತ್ತವೆ. ಕಿತ್ತಳೆ ಕಂದು ಬಣ್ಣ ಹಚ್ಚಿ. ತೂತಿನೊಳಗೆ ಹಳದಿ ಓಕರ್, ಅಲ್ಲಲ್ಲಿ ಕಡು ನೇರಳೆ ಕಲೆ. ಮಳೆಗಾಲದ ಪಾಚಿ ಮರೆಯಬೇಡಿ. ಮಾಡಿನ ನೀರು ಬಿದ್ದು ಚಿಮ್ಮುವ ಕಡೆ, ನೆಲದಿಂದ ಒಂದೂವರೆ ಅಡಿ ಎತ್ತರದವರೆಗೆ ಹಸಿರು ಕಪ್ಪು ಬರಲಿ. ಹೆಂಚಿಗೂ ಅದೇ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ಊರೂರಿಗೆ ಹಬ್ಬಿದ ಹೆಂಚು ಅದು, ಹೊಸದರಲ್ಲಿ ಕೆಂಪು, ನಾಲ್ಕು ಮಳೆಗಾಲ ಕಳೆದರೆ ಕಪ್ಪು. ಅಮ್ಮನ ನೆನಪಿನಲ್ಲಿ ಇರುವುದು ಯಾವ ಬಣ್ಣದ ಹೆಂಚು ಅಂತ ಅವರನ್ನೇ ಕೇಳಿ.

ಪ್ರಶ್ನೆ: ಹತ್ತು ವರ್ಷದಿಂದ ಇಂಗ್ಲೆಂಡಿನಲ್ಲಿದ್ದೇನೆ. 1:76 ಅಳತೆಯಲ್ಲಿ 1930ರ ದಶಕದ ಲಂಡನ್ನಿನ ಒಂದು ಸಣ್ಣ ರೈಲು ನಿಲ್ದಾಣ ಮಾಡ್ತಿದ್ದೇನೆ. ಕೆಂಪು ಇಟ್ಟಿಗೆ ಹಚ್ಚಿದೆ. ಚೆನ್ನಾಗಿಯೇ ಬಂದಿದೆ, ಆದರೆ ಇಲ್ಲಿನ ಗೆಳೆಯರು ಲಂಡನ್ ಅನ್ನಿಸುವುದಿಲ್ಲ ಅಂತಾರೆ.
– ಓದುಗರು, ರೆಡಿಂಗ್

ಉತ್ತರ: ನಿಮ್ಮ ಮನೆಯಿಂದ ಲಂಡನ್ ದೂರ ಇಲ್ಲ. ಕಿಂಗ್ಸ್ ಕ್ರಾಸ್ ಮತ್ತು ಸೇಂಟ್ ಪ್ಯಾಂಕ್ರಸ್ ನಿಲ್ದಾಣಗಳು ಅಕ್ಕಪಕ್ಕ ಇವೆ. ಎರಡರ ನಡುವಿನ ರಸ್ತೆಯಲ್ಲಿ ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ. 1852ರ ಕಿಂಗ್ಸ್ ಕ್ರಾಸ್ ಹಳದಿ ಇಟ್ಟಿಗೆಯದ್ದು. 1868ರಲ್ಲಿ ಶುರುವಾದ ಸೇಂಟ್ ಪ್ಯಾಂಕ್ರಸ್ ಕೆಂಪು. ಲಂಡನ್ ಸುತ್ತಿನ ಮಣ್ಣಿಗೆ ಸೀಮೆಸುಣ್ಣದ ಪುಡಿ ಬೆರೆಸಿ ಸುಟ್ಟ ಇಟ್ಟಿಗೆ ಹಳದಿಯಾಗುತ್ತದೆ, ಅದನ್ನು ಲಂಡನ್ ಸ್ಟಾಕ್ ಅಂತಾರೆ. ಸೇಂಟ್ ಪ್ಯಾಂಕ್ರಸ್ ಕಟ್ಟಿಸಿದ ರೈಲ್ವೆ ಕಂಪನಿ ಇಂಗ್ಲೆಂಡಿನ ನಡುನಾಡಿನದು, ಅವರು ತಮ್ಮ ಕಡೆಯ ಕೆಂಪು ಇಟ್ಟಿಗೆಯನ್ನು ತಮ್ಮದೇ ರೈಲಿನಲ್ಲಿ ತಂದರು. ಆ ಕಾಲದ ಸಾಮಾನ್ಯ ಲಂಡನ್ ಕಟ್ಟಡಕ್ಕೆ ಹಳದಿಯೇ ಮೂಲ. ನಿಮ್ಮ ಗೆಳೆಯರ ಕಣ್ಣು ಹುಡುಕುತ್ತಿರುವುದು ಅದನ್ನೇ.

ಆದರೆ ನಿಮ್ಮದು 1930ರ ದಶಕ. ಈಗ ತೊಳೆದು ಇಟ್ಟಿರುವ ತಿಳಿ ಹಳದಿ ನೋಡಿ ಹಾಗೇ ಹಚ್ಚಿದರೆ ಮತ್ತೆ ತಪ್ಪುತ್ತದೆ. ಕಲ್ಲಿದ್ದಲ ಹೊಗೆ ಕಮ್ಮಿ ಮಾಡುವ ಬಿಗಿಯಾದ ಕಾನೂನು ಬಂದದ್ದೇ 1956ರಲ್ಲಿ. ಅದಕ್ಕೂ ಮೊದಲು ಉಗಿಬಂಡಿಯ ಪಕ್ಕದ ಗೋಡೆ ಅಂದರೆ ಮಸಿ. ಓಕರ್ ಮತ್ತು ಬಿಳಿ ಬೆರೆಸಿ ಇಟ್ಟಿಗೆ ಹಚ್ಚಿ, ಬೂದು ಗಾರೆ ಇಳಿಸಿ, ಅದರ ಮೇಲೆ ಕಪ್ಪು ಕಂದು ನೀರುಬಣ್ಣವನ್ನು ಎರಡು ಮೂರು ಸಲ ತೆಳುವಾಗಿ ಕೊಡಿ. ಒಂದೇ ಸಲ ದಪ್ಪ ಕೊಟ್ಟರೆ ಗೋಡೆ ಸುಟ್ಟಹಾಗೆ ಕಾಣುತ್ತದೆ. ಕಿಟಕಿಯ ಕೆಳಗಿನ ಕಲ್ಲಿನಿಂದ ಮಳೆನೀರು ಇಳಿಯುವ ಜಾಗದಲ್ಲಿ ಮಸಿ ಸ್ವಲ್ಪ ತೊಳೆದುಹೋಗಿರಲಿ, ಸೂರಿನ ಕೆಳಗೆ ಮಳೆ ತಾಗದ ಜಾಗದಲ್ಲಿ ಹಾಗೇ ದಟ್ಟವಾಗಿ ನಿಲ್ಲಲಿ.

ಇನ್ನು ಎರಡು ವಿಷಯ. ಪ್ಲಾಟ್‌ಫಾರ್ಮ್ ಅಂಚು, ಸೇತುವೆ, ಗೋಡೆಯ ತಳ ಇಂಥ ಕಡೆ ಸ್ಟಾಫರ್ಡ್‌ಶೈರ್‌ನ ನೀಲಿ ಇಟ್ಟಿಗೆ ಬಳಸುತ್ತಿದ್ದರು, ಗಾಳಿ ಕಮ್ಮಿ ಇರುವ ಗೂಡಿನಲ್ಲಿ ತುಂಬಾ ಬಿಸಿಗೆ ಸುಟ್ಟದ್ದು, ನೀರು ಹೀರುವುದು ಬಹಳ ಕಮ್ಮಿ. ಹೆಸರು ನೀಲಿ, ಬಣ್ಣ ನೇರಳೆ ಬೆರೆತ ಕಡು ಬೂದು. ನೀಲಿ ಟ್ಯೂಬ್ ಮುಟ್ಟಬೇಡಿ. ಎರಡನೆಯದು ಜೋಡಣೆ. ಉದ್ದ ಮುಖವೇ ಸಾಲಾಗಿ ಕಾಣುವ ಗೋಡೆ ಈಗಿನ ಮನೆಗಳದ್ದು. ಹಳೇ ದಪ್ಪ ಗೋಡೆಯಲ್ಲಿ ಒಂದು ಸಾಲು ಉದ್ದ ಮುಖ, ಮೇಲಿನ ಸಾಲು ಪೂರ್ತಿ ಅಡ್ಡ ಮುಖ ಬಂದರೆ ಅದು ಇಂಗ್ಲಿಷ್ ಬಾಂಡ್. ಒಂದೇ ಸಾಲಿನಲ್ಲಿ ಉದ್ದ, ಅಡ್ಡ, ಉದ್ದ, ಅಡ್ಡ ಬಂದರೆ ಫ್ಲೆಮಿಷ್ ಬಾಂಡ್. ಹಾಳೆ ಕೊಳ್ಳುವಾಗ ಕೇಳಿ ತೆಗೆದುಕೊಳ್ಳಿ, ಎರಡೂ ಸಿಗುತ್ತವೆ.

ಒಂದು ರಜೆಯ ದಿನ ಆಕ್ಸ್‌ಫರ್ಡ್‌ಶೈರ್‌ನ ಲಾಂಗ್ ವಿಟನ್‌ಹ್ಯಾಮ್ ಹಳ್ಳಿಯ ಪೆಂಡನ್ ಮ್ಯೂಸಿಯಂಗೆ ಹೋಗಿ ಬನ್ನಿ, ರೆಡಿಂಗಿನಿಂದ ಹತ್ತಿರ. ರಾಯ್ ಇಂಗ್ಲೆಂಡ್ ಅನ್ನುವವರು ಶುರು ಮಾಡಿದ್ದು. ನಿಮ್ಮದೇ ಅಳತೆಯಲ್ಲಿ, ನಿಮ್ಮದೇ ದಶಕದ ಒಂದು ಹಳ್ಳಿಯನ್ನು ರಟ್ಟು ಮತ್ತು ಜಲವರ್ಣದಲ್ಲಿ ಕಟ್ಟಿದ್ದಾರೆ. ಗೋಡೆಯ ಹತ್ತಿರ ಬಗ್ಗಿ ನಿಂತು ಒಂದೊಂದು ಇಟ್ಟಿಗೆ ನೋಡಿ. ಯಾವುದೂ ಹೊಳೆಯುವುದಿಲ್ಲ, ಯಾವುದೂ ಕಿರುಚುವುದಿಲ್ಲ.

ಪ್ರಶ್ನೆ: ಆರ್ಕಿಟೆಕ್ಚರ್ ಮೂರನೇ ವರ್ಷ. ವಾಸ್ತುಶಿಲ್ಪಿ ಲಾರಿ ಬೇಕರ್ ವಿನ್ಯಾಸದ ಮನೆಯೊಂದನ್ನು 1:50 ಅಳತೆಯಲ್ಲಿ ಎಂಡಿಎಫ್‌ನಲ್ಲಿ ಲೇಸರ್ ಕಟ್ ಮಾಡಿಸಿದೆ. ಇಟ್ಟಿಗೆ ಗೆರೆ ಸುಟ್ಟು ಕಪ್ಪಾಗಿವೆ, ಬಣ್ಣ ಹಚ್ಚಿದರೆ ಮೇಲೆ ಉಬ್ಬಿಕೊಂಡು ಬರುತ್ತಿದೆ.
– ಓದುಗರು, ಹುಬ್ಬಳ್ಳಿ

ಉತ್ತರ: ಎಂಡಿಎಫ್ ನೀರು ಕುಡಿದು ಉಬ್ಬುತ್ತದೆ. ಮೊದಲು ಒಣ ಬ್ರಷ್‌ನಲ್ಲಿ ಸುಟ್ಟ ಪುಡಿ ಉದುರಿಸಿ, ಆಮೇಲೆ ಮರಗೆಲಸದವರು ಹಚ್ಚುವ ಫ್ರೆಂಚ್ ಪಾಲಿಶ್ ತೆಳುವಾಗಿ ಒಂದು ಕೈ ಕೊಡಿ. ಅದು ಸ್ಪಿರಿಟ್‌ನದು, ಹಲಗೆ ಉಬ್ಬುವುದಿಲ್ಲ. ಅದು ಒಣಗಿದ ಮೇಲೆ ಅಕ್ರಿಲಿಕ್. ಇಟ್ಟಿಗೆ ಬಣ್ಣ ತಟ್ಟಿ ಒಣಗಿಸಿ, ಕಪ್ಪು ಗೆರೆಗೆ ವಾಲ್ ಪುಟ್ಟಿಯನ್ನು ಮಜ್ಜಿಗೆ ಹದಕ್ಕೆ ಕಲಸಿ ಬಟ್ಟೆಯಲ್ಲಿ ಉಜ್ಜಿ, ಮೇಲಿನದನ್ನು ತಕ್ಷಣ ಒರೆಸಿ. ಗೆರೆಯಲ್ಲಿ ಗಾರೆ ಕೂರುತ್ತದೆ.

ಬೇಕರ್ ಅಂದ ಮೇಲೆ ಒಂದು ವಿಷಯ ನೋಡಿಕೊಳ್ಳಿ. ಅವರು ಪ್ರಚಾರಕ್ಕೆ ತಂದ ರ‍್ಯಾಟ್ ಟ್ರ್ಯಾಪ್ ಜೋಡಣೆಯಲ್ಲಿ ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸುತ್ತಾರೆ. ಒಳಗೆ ಖಾಲಿ ಜಾಗ ಉಳಿದು ಸುಮಾರು ಕಾಲು ಭಾಗ ಇಟ್ಟಿಗೆ ಉಳಿತಾಯ. ಹೊರಗಿನಿಂದ ನೋಡಿದಾಗ ಸಾಲಿನ ಎತ್ತರ 3 ಇಂಚಲ್ಲ, ನಾಲ್ಕೂವರೆ. 1:50ರಲ್ಲಿ ಅದು ಸುಮಾರು 2.3 ಮಿ.ಮೀ. ನಿಮ್ಮ ಫೈಲಿನಲ್ಲಿ 1.5 ಇದ್ದರೆ, ಮತ್ತು ನಿಮ್ಮ ಮನೆ ಈ ಜೋಡಣೆಯದ್ದಾಗಿದ್ದರೆ, ಮತ್ತೊಮ್ಮೆ ಕಟ್ ಮಾಡಿಸುವುದೇ ಒಳ್ಳೆಯದು. ಬಣ್ಣದಿಂದ ಇದನ್ನು ಮುಚ್ಚಲು ಆಗುವುದಿಲ್ಲ, ನಿಮ್ಮ ಮೇಷ್ಟ್ರು ಮೊದಲು ನೋಡುವುದೂ ಅದನ್ನೇ.

ಪ್ರಶ್ನೆ: ಹಂಪಿಯ ಹಾಳು ಗೋಪುರದಲ್ಲಿ ಗಾರೆ ಉದುರಿ ಒಳಗಿನ ಇಟ್ಟಿಗೆ ಕಾಣುತ್ತದಲ್ಲ, ಹಾಗೆ ಮಾಡುವುದು ಹೇಗೆ?
– ಓದುಗರು, ಹೊಸಪೇಟೆ

ಉತ್ತರ: ಎಷ್ಟು ಒಳ್ಳೆಯ ಪ್ರಶ್ನೆ! ನೀವು ಆ ಗೋಡೆಯ ಪಕ್ಕದಲ್ಲೇ ಇದ್ದೀರಿ, ಅದೇ ದೊಡ್ಡ ಅನುಕೂಲ. ಗೋಪುರದ ಕೆಳಭಾಗ ಕಲ್ಲು, ಮೇಲೆ ಇಟ್ಟಿಗೆ ಮತ್ತು ಸುಣ್ಣ, ಅದರ ಮೇಲೆ ಗಾರೆಯ ಬೊಂಬೆಗಳು. ವಿಠ್ಠಲ ದೇವಸ್ಥಾನದ ಗೋಪುರಗಳಲ್ಲಿ ಈ ಮೂರೂ ಪದರ ಒಟ್ಟಿಗೆ ಕಾಣುತ್ತವೆ.

ಕಟ್ಟಿದ ಕ್ರಮದಲ್ಲೇ ನೀವೂ ಹೋಗಿ. ಇಡೀ ಗೋಡೆಗೆ ಇಟ್ಟಿಗೆ ಕೆತ್ತಿ ಬಣ್ಣ ಹಚ್ಚಿ ಮುಗಿಸಿ. ಮುಚ್ಚಿಹೋಗುವ ಜಾಗಕ್ಕೂ ಹಚ್ಚಿ, ಅಂಚು ಎಲ್ಲಿ ಬರುತ್ತದೆ ಅಂತ ಮೊದಲೇ ಹೇಳಲು ಆಗುವುದಿಲ್ಲ. ಆಮೇಲೆ ವಾಲ್ ಪುಟ್ಟಿಗೆ ಸ್ವಲ್ಪ ಫೆವಿಕಾಲ್ ಬೆರೆಸಿ ಒಂದು ಮಿ.ಮೀ. ದಪ್ಪಕ್ಕೆ ಮೆತ್ತಿ, ಇಟ್ಟಿಗೆ ಕಾಣಬೇಕಾದ ಜಾಗ ಬಿಟ್ಟು. ಅರೆ ಒಣಗಿದಾಗ ಅಂಚನ್ನು ಟೂತ್‌ಪಿಕ್‌ನಿಂದ ಮುರಿಯಿರಿ. ಚಾಕುವಿನಲ್ಲಿ ಕೊಯ್ದ ಅಂಚು ಬೇಡ, ಮುರಿದ ಅಂಚೇ ಬೇಕು.

ಗಾರೆ ಎಲ್ಲಿ ಉದುರಬೇಕು ಅನ್ನುವುದನ್ನು ನೀರು ನಿರ್ಧಾರ ಮಾಡುತ್ತದೆ. ಮಳೆ ನೇರವಾಗಿ ಬಡಿಯುವ ಮೇಲಿನ ಅಂಚು, ನೀರು ನಿಲ್ಲುವ ಮೆಟ್ಟಿಲಿನಂಥ ಜಾಗ, ಗಿಡ ಬೇರು ಬಿಟ್ಟ ಬಿರುಕು. ಗೋಡೆಯ ನಟ್ಟನಡುವೆ ಚೆಂದಕ್ಕೆ ಅಂತ ಒಂದು ದುಂಡನೆ ತೂತು ಮಾಡಬೇಡಿ, ಅಲ್ಲಿ ಉದುರಲು ಕಾರಣವೇ ಇಲ್ಲ. ಆ ಇಟ್ಟಿಗೆ ಶತಮಾನಗಳ ಬಿಸಿಲು ಕಂಡದ್ದು, ಆದ್ದರಿಂದ ಪೇಲವ ಮಾಡಿ. ಇದಕ್ಕೆ ನನ್ನ ಹತ್ತಿರ ಇರುವ ಒಳ್ಳೆಯ ಸಾಮಾನು ನಿಜವಾದ ಇಟ್ಟಿಗೆ ಪುಡಿ. ಹಿಂದೆ ಹಿತ್ತಾಳೆ ಪಾತ್ರೆ ಬೆಳಗಲು ಮಾಡುತ್ತಿದ್ದರಲ್ಲ, ಹಾಗೇ ಎರಡು ಇಟ್ಟಿಗೆ ಚೂರು ಉಜ್ಜಿ, ಪುಡಿಯನ್ನು ತೆಳುಬಟ್ಟೆಯಲ್ಲಿ ಜರಡಿ ಹಿಡಿದು, ಮೆತ್ತನೆ ಬ್ರಷ್‌ನಲ್ಲಿ ಉದುರಿದ ಗಾರೆಯ ಕೆಳಗೆ, ಗೋಡೆಯ ಬುಡದಲ್ಲಿ ಹರಡಿ. ಯಾವ ಬಾಟಲಿ ಬಣ್ಣವೂ ಈ ಬಣ್ಣ ಕೊಡುವುದಿಲ್ಲ. ಚೂರನ್ನು ಮಾತ್ರ ಹೊಸ ಕಟ್ಟಡದ ರಾಶಿಯಿಂದ ಆರಿಸಿಕೊಳ್ಳಿ. ಹಂಪಿಯಿಂದ ಒಂದು ಚೂರೂ ಎತ್ತಬೇಡಿ.

ಪ್ರಶ್ನೆ: ಎಲ್ಲಾ ಚೆನ್ನಾಗಿತ್ತು. ಕೊನೆಗೆ ವಾರ್ನಿಷ್ ಹೊಡೆದೆ, ಗೋಡೆ ಮೇಲೆ ಬಿಳಿ ಮಂಜು ಕೂತಹಾಗೆ ಆಯಿತು.
– ಓದುಗರು, ಮಡಿಕೇರಿ

ಉತ್ತರ: ಮಳೆ ಬರುತ್ತಿದ್ದ ದಿನ ಸ್ಪ್ರೇ ಮಾಡಿದಿರಾ? ನನಗೂ ಒಂದು ಜುಲೈನಲ್ಲಿ ಹೀಗೇ ಆಯಿತು, ಮೂರು ತಿಂಗಳ ಕೆಲಸದ ಮೇಲೆ. ಆ ಸಂಕಟ ನನಗೆ ಚೆನ್ನಾಗಿ ಗೊತ್ತು. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಸ್ಪ್ರೇ ಒಣಗುವ ಹೊತ್ತಿಗೆ ತೇವ ಅದರಲ್ಲಿ ಸಿಕ್ಕಿಹಾಕಿಕೊಂಡು ಬೆಳ್ಳಗಾಗುತ್ತದೆ. ಕಿತ್ತು ತೆಗೆಯಲು ಹೋಗಬೇಡಿ. ಚೆನ್ನಾಗಿ ಬಿಸಿಲು ಇರುವ ಒಂದು ದಿನ ಅದೇ ವಾರ್ನಿಷ್‌ನ ತುಂಬಾ ತೆಳು ಪದರ ಇನ್ನೊಮ್ಮೆ ಹೊಡೆಯಿರಿ. ಎಷ್ಟೋ ಸಲ ಮಂಜು ಕರಗುತ್ತದೆ. ಮೊದಲು ಹಿಂದಿನ ಗೋಡೆಯಲ್ಲಿ ನೋಡಿಕೊಳ್ಳಿ. ಹೋಗದಿದ್ದರೆ ಆ ಜಾಗಕ್ಕೆ ಮತ್ತೆ ತೆಳುವಾಗಿ ಇಟ್ಟಿಗೆ ಬಣ್ಣ ತಟ್ಟಬೇಕಾಗುತ್ತದೆ. ಮಡಿಕೇರಿಯ ಮಳೆಗಾಲಕ್ಕೆ ಸ್ಪ್ರೇ ಬೇಡವೇ ಬೇಡ. ನೀರಿನಲ್ಲಿ ಬೆರೆಯುವ ಮ್ಯಾಟ್ ವಾರ್ನಿಷ್ ತಂದು ಅಗಲ ಬ್ರಷ್‌ನಲ್ಲಿ ಎರಡು ಸಲ ಹಚ್ಚಿ, ಎರಡರ ನಡುವೆ ಒಂದು ದಿನ ಬಿಡಿ.